ನಳಿಗೆಗೆ ಸುತ್ತಿದ ಅರಿಶಿನದ ದಾರ

ಆ ದಿನಗಳಲ್ಲಿ ನನಗೆ ಎಲ್ಲಿಲ್ಲದ ಜಂಬ. ಕೃಷ್ಣರಾಜಪುರದ ಆಚೆಯ ಹಳ್ಳಿಯಿಂದ ಬಂದು ದಂಡು ಪ್ರದೇಶದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯ ಬಂದೂಕು ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡಿದ್ದೆ. ಯುದ್ಧದ ಕಾಲ. ಬಿಳಿ ದೊರೆಗಳ ಅಜ್ಜಂದಿರ ಕಾಲದ ಜೋಡುನಳಿಗೆ ಬಂದೂಕುಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಯಾವುದು ಇನ್ನೂ ಹೊಡೆಯಲು ಲಾಯಕ್ಕು, ಯಾವುದು ಗೋಡೆಗೆ ನೇತುಹಾಕಲು ಮಾತ್ರ ಎಂದು ಹೇಳುವ ಕೆಲಸ ನನ್ನದು. ಮೇಜರ್ ಸಾಹೇಬರೇ ಕೈಕಟ್ಟಿ ನಿಂತು ನನ್ನ ಬಾಯಿ ನೋಡುತ್ತಿದ್ದರು. ತಲೆ ತಿರುಗದೆ ಇರುತ್ತದೆಯೇ?

ನೋಡುವ ಕ್ರಮ ಸರಳ. ಬಂದೂಕು ಹೊಸದಾಗಿದ್ದಾಗ, ನಳಿಗೆ ಮುಚ್ಚಿದರೆ ಅದನ್ನು ತೆರೆಯುವ ಮೇಲಿನ ಸನ್ನೆ ಬಲಕ್ಕೆ ವಾಲಿ ನಿಲ್ಲುತ್ತದೆ. ಸವೆದಂತೆಲ್ಲ ನಡುವಿಗೆ ಬಂದು, ಆಮೇಲೆ ಎಡಕ್ಕೆ ಸರಿಯುತ್ತದೆ. ನಳಿಗೆಯ ಕೆಳಗಿನ ಮರದ ಹಿಡಿ ತೆಗೆದು ಕುಲುಕಿದರೆ ಕೀಲು ಸಡಿಲವೋ ಬಿಗಿಯೋ ತಿಳಿಯುತ್ತದೆ. ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗಿನ ತಗ್ಗು, ತುಕ್ಕು ಕಾಣುತ್ತವೆ. ಕೊನೆಯದು ಕಿವಿಯ ಪರೀಕ್ಷೆ. ನಳಿಗೆಗಳನ್ನು ಬಿಚ್ಚಿ ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಬೇಕು. ಎರಡೂ ನಳಿಗೆಗಳನ್ನು ಕೂಡಿಸಿದ ಬೆಸುಗೆ ಗಟ್ಟಿಯಿದ್ದರೆ ದೇವರ ಮನೆಯ ಗಂಟೆಯ ಹಾಗೆ ಗುಂಯ್ ಎನ್ನುತ್ತದೆ. ಎಲ್ಲಾದರೂ ಬಿಟ್ಟಿದ್ದರೆ ಡಬ್ ಎಂದು ಸತ್ತುಹೋಗುತ್ತದೆ.

ನನ್ನ ತಂಗಿಗೆ ಗಂಡು ಗೊತ್ತಾಗಿದ್ದು ಅದೇ ಸಮಯದಲ್ಲಿ. ಹುಡುಗ ಬಂದು ನೋಡಿ ಒಪ್ಪಿ ಹೋಗಿದ್ದ. ಇವಳಿಗೂ ಇಷ್ಟವಾಗಿದ್ದ. ಅಮ್ಮ ಕೇಳಿದ್ದಕ್ಕೆ "ನೀವು ಹೇಳ್ದಂಗೆ" ಎಂದಳೇ ಹೊರತು ಬೇರೇನೂ ಅನ್ನಲಿಲ್ಲ. ಆದರೆ ನಾವು ಗಂಡಿನ ಮನೆ ನೋಡಲು ಹೊರಟ ದಿನ ಚೊಂಬಿಗೆ ಕೆಂಡ ತುಂಬಿ ನನ್ನ ಅಂಗಿಯನ್ನು ತಾನೇ ಇಸ್ತ್ರಿ ಮಾಡಿದಳು. ಕೈಗೆ ಕೊಡುವಾಗ ನಕ್ಕು, "ಅಣ್ಣಾ, ಅಲ್ಲಿ ಸ್ವಲ್ಪ ಬಾಯಿ ಬಿಗಿ ಹಿಡ್ಕೊಂಡಿರು" ಎಂದಳು.

ಗಂಡಿನ ಮನೆ ನೋಡುವುದೆಂದರೆ ನಿಜವಾಗಿ ನೋಡುವುದಲ್ಲ. ಬಾವಿ ತೋರಿಸಿದರೆ ನೀರು ಸಿಹಿ ಅನ್ನಬೇಕು, ಎತ್ತು ತೋರಿಸಿದರೆ ಕೊಂಬು ಚೆಂದ ಅನ್ನಬೇಕು. ಅಪ್ಪ ಹಾಗೇ ಅನ್ನುತ್ತ ಬಂದರು. ನಡುಮನೆಗೆ ಬಂದಾಗ ಹುಡುಗನ ತಂದೆ ಗೋಡೆಯಿಂದ ಒಂದು ಹಳೆಯ ಜೋಡುನಳಿಗೆ ಬಂದೂಕು ಇಳಿಸಿದರು. ಅವರ ತಂದೆಗೆ ಯಾರೋ ದೊರೆ ಮೆಚ್ಚಿ ಕೊಟ್ಟಿದ್ದಂತೆ. ಈಗ ಮಗ ಕಾಡುಹಂದಿಯಿಂದ ಬೆಳೆ ಕಾಯಲು ಅದನ್ನೇ ಹೊಲಕ್ಕೆ ಒಯ್ಯುತ್ತಿದ್ದ. ಆಯುಧಪೂಜೆಯ ದಿನ ನಳಿಗೆಗಳ ತುದಿಗೆ ಅರಿಶಿನದ ಕೊಂಬು ಕಟ್ಟಿ ಸುತ್ತಿದ ದಾರ ಹಾಗೇ ಇತ್ತು.

"ನೀವು ದಂಡಲ್ಲಿ ಇದೇ ಕೆಲ್ಸ ಮಾಡೋದಂತಲ್ಲ. ನೋಡ್ರಪ್ಪ, ಹೆಂಗಿದೆ ಹೇಳಿ" ಎಂದರು.

ಚೆನ್ನಾಗಿದೆ ಎಂದಿದ್ದರೆ ಮುಗಿದಿತ್ತು. ನಾನು ಅಂಗಿಯ ತೋಳು ಮಡಿಸಿದೆ. ಸನ್ನೆ ನಡು ದಾಟಿತ್ತು. ಕೀಲು ಚೂರು ಆಡುತ್ತಿತ್ತು. ವಯಸ್ಸಿಗೆ ಅದೇನೂ ಹೆಚ್ಚಲ್ಲ, ರಿಪೇರಿಯಾಗುವಂಥದ್ದೇ. ನಳಿಗೆ ಬಿಚ್ಚಿ ಬೆರಳಿಗೆ ತೂಗುಹಾಕುವಾಗ ದಾರ ಕಣ್ಣಿಗೆ ಬಿತ್ತು. ಪೂಜೆಯ ದಾರ, ಇವರೆದುರಿಗೆ ಬಿಚ್ಚಿದರೆ ಏನೆಂದುಕೊಂಡಾರೋ ಎಂದು ಬಿಟ್ಟೆ. ತಟ್ಟಿದೆ. ಡಬ್. ಇನ್ನೊಮ್ಮೆ ತಟ್ಟಿದೆ. ಡಬ್.

"ಬೆಸುಗೆ ಬಿಟ್ಟಿದೆ. ಇನ್ಮೇಲೆ ಇದನ್ನ ಹೊಡೆದ್ರೆ ಹೊಡೆದೋರ ಕೈ ಹೋಗ್ತದೆ. ಗೋಡೆಗೆ ಹಾಕ್ಕೊಳ್ಳಿ ಅಷ್ಟೆ" ಎಂದೆ.

ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನೆಂಟರೆಲ್ಲ ಬಾಯಿ ಆಡಿಸುವುದನ್ನು ನಿಲ್ಲಿಸಿದರು. ಅಪ್ಪ ನನ್ನ ಕಾಲು ತುಳಿದರು, ತಡವಾಗಿತ್ತು. ಹುಡುಗನ ತಂದೆ ಬಂದೂಕನ್ನು ಕೂಡಿಸಿ ಮೊಳೆಗೆ ಹಾಕಿದರು. ವಾರದೊಳಗೆ ಮಾತು ಮುರಿಯಿತು. ಮನೆಯ ಬಂದೂಕನ್ನೇ ಹೀಗೆ ಜರಿದವರು ನಾಳೆ ಮಗನನ್ನು ಬಿಡುತ್ತಾರಾ ಎಂದು ಹೇಳಿ ಕಳಿಸಿದರು. ಸುದ್ದಿ ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಿ, ಆಮೇಲೆ ಬಂದ ಸಂಬಂಧಗಳೂ ಬಾಗಿಲಿನಿಂದಲೇ ತಿರುಗಿದವು. ಕೊನೆಗೆ ಹಲಸೂರಿನ ಹೂವಿನ ವ್ಯಾಪಾರಿಯೊಬ್ಬರಿಗೆ ಎರಡನೆಯ ಸಂಬಂಧವಾಗಿ ಅವಳನ್ನು ಕೊಟ್ಟೆವು. ವಯಸ್ಸಾದ ಮನುಷ್ಯ, ಕೆಟ್ಟವರಲ್ಲ. ಧಾರೆಯ ದಿನ ನಾನು ಅವಳ ಮುಖ ನೋಡಲಿಲ್ಲ. ಆದರೂ ಒಳಗೊಳಗೇ ಒಂದು ಸಮಾಧಾನ ಇಟ್ಟುಕೊಂಡಿದ್ದೆ: ನಾನು ಹೇಳಿದ್ದು ನಿಜ, ಆ ಹುಡುಗನ ಕೈ ಉಳಿಯಿತಲ್ಲ.

ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದ ಕಾಲಕ್ಕೆ ಆ ಹುಡುಗ ಅಂಗಡಿಗೆ ಬಂದ. ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಅದೇ ಬಂದೂಕು. ತಂದೆ ತೀರಿಕೊಂಡರಂತೆ, ಇದನ್ನು ಮಾರಬೇಕಂತೆ.

"ಅವತ್ತಿಂದ ಅಪ್ಪ ಇದನ್ನ ಯಾರ ಕೈಗೂ ಕೊಡ್ಲಿಲ್ಲ. ಬಯ್ಕೊಂಡೇ ನಿಮ್ಮ ಮಾತು ನಂಬಿದ್ರು. ಹಂದಿ ಬಂದ್ರೆ ತಮಟೆ ಬಡಿಯೋದೇ" ಎಂದ.

ನಾನು ಅಭ್ಯಾಸದಂತೆ ನಳಿಗೆ ಬಿಚ್ಚಿ ತೂಗುಹಾಕಿ ತಟ್ಟಿದೆ. ಗುಂಯ್ ಎಂದಿತು. ಎಷ್ಟು ಹೊತ್ತು ಎಂದರೆ ಪಕ್ಕದ ಮೇಜಿನಲ್ಲಿ ಅರ ಉಜ್ಜುತ್ತಿದ್ದವನೂ ಕೈ ನಿಲ್ಲಿಸಿ ಕೇಳಿದ.

"ಇದಕ್ಕೆ ದಾರ ಕಟ್ಟಿತ್ತಲ್ಲ?"

"ಅಪ್ಪ ತೀರ್ಕೊಂಡ ವರ್ಷ ಹಬ್ಬ ಮಾಡ್ಲಿಲ್ಲ. ಹಳೇ ದಾರ ತಾನೇ ಉದುರೋಯ್ತು."

ಮೇಜಿನ ಮೇಲಿದ್ದ ದಾರಕ್ಕೆ ಅರಿಶಿನದ ಬದಲು ಒಂದು ಮೊಳೆ ಕಟ್ಟಿ ನಳಿಗೆಗಳ ತುದಿಗೆ ಸುತ್ತಿ ತಟ್ಟಿದೆ. ಡಬ್. ಬಿಚ್ಚಿ ತಟ್ಟಿದೆ. ಗುಂಯ್.

"ಅಂದ್ರೆ ಚೆನ್ನಾಗೇ ಇತ್ತಾ?" ಎಂದ.

"ಚೆನ್ನಾಗೇ ಇತ್ತು."

ಅವನು ಬಯ್ಯಬಹುದಿತ್ತು. ಬಯ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಗೋಣಿಯನ್ನು ಮಡಿಸುತ್ತ, "ನಿಮ್ಮ ತಂಗಿಯವ್ರು ಚೆನ್ನಾಗಿದಾರಾ?" ಎಂದು ಕೇಳಿದ. ಬಂದೂಕನ್ನು ಮಾರದೆ ಮನೆಗೆ ಒಯ್ದ.

ಅಂದು ಸಂಜೆ ಹಲಸೂರಿಗೆ ಹೋದೆ. ತಂಗಿ ಜಗಲಿಯ ಮೇಲೆ ಕೂತು ಮರುದಿನದ ಮಾರಾಟಕ್ಕೆ ಕನಕಾಂಬರ ಕಟ್ಟುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಬಂದೂಕು ಸರಿಯಾಗೇ ಇತ್ತು, ದಾರದಿಂದ ಸದ್ದು ಸತ್ತಿತ್ತು ಎಂದೆ.

"ಬಿಚ್ಚೋಕೆ ಏನಾಗಿತ್ತಣ್ಣಾ?"

"ಪೂಜೆ ದಾರ ಅಲ್ವಾ. ಬಿಚ್ಚಿದ್ರೆ ಅವ್ರಿಗೆ ಬೇಜಾರಾಗ್ತದೆ ಅಂತ."

ಅವಳ ಬೆರಳು ನಿಂತವು. "ಅವ್ರಿಗೆ ಬೇಜಾರಾಗ್ತದೆ ಅಂತ" ಎಂದು ನನ್ನ ಮಾತನ್ನೇ ಮೆಲ್ಲಗೆ ಹೇಳಿದಳು. ಆಮೇಲೆ ಕಟ್ಟಿದ ಮಾಲೆಯನ್ನು ಪಕ್ಕಕ್ಕಿಟ್ಟು ಎದ್ದು, "ಕೈಕಾಲು ತೊಳ್ಕೊ, ಮುದ್ದೆ ಬಿಸಿ ಇದೆ" ಎಂದು ಒಳಗೆ ಹೋದಳು. ಅವಳು ಬಡಿಸಿದ್ದನ್ನು ತಲೆ ಎತ್ತದೆ ಉಂಡೆ.