ಕೌದಿಯ ಹೊಟ್ಟೆಗೆ ಹಾಕಿದ್ದು

ನಮ್ಮ ಅಂಗಡಿಗೆ ಬಾಗಿಲಿಲ್ಲ, ಬೋರ್ಡಿಲ್ಲ. ಅದು ನನ್ನ ಮೊಬೈಲಿನೊಳಗೆ ಇದೆ. ದೋರನಹಳ್ಳಿಯ ನಮ್ಮ ಪಡಸಾಲೆಯಲ್ಲಿ ಹೊಲಿದ ಕೌದಿಗಳನ್ನು ಗೋಡೆಗೆ ತೂಗುಹಾಕಿ ಫೋಟೊ ಹೊಡೆದು ಒಂದು ಮಾರಾಟದ ವೆಬ್‌ಸೈಟಿಗೆ ಏರಿಸುತ್ತೇನೆ. ಎಲ್ಲೋ ಕುಳಿತವರು ನೋಡಿ ಆರ್ಡರ್ ಮಾಡುತ್ತಾರೆ. ನಾನು ಪಾರ್ಸಲ್ ಕಟ್ಟಿ ಶಹಾಪುರದ ಕೊರಿಯರ್ ಆಫೀಸಿಗೆ ಒಯ್ದು ಕೊಡುತ್ತೇನೆ. ವ್ಯವಹಾರವೆಂದರೆ ಇಷ್ಟೇ. ಓಣಿಯ ಕೆಲವರು ಈಗಲೂ ನನ್ನನ್ನು ಹಗಲೆಲ್ಲ ಮೊಬೈಲ್ ನೋಡಿಕೊಂಡು ಕೂಡುವ ಮೈಗಳ್ಳಿ ಎಂದೇ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ನನ್ನ ಗಂಟೇನು ಹೋಗುವುದಿಲ್ಲ.

ಹೊಲಿಯುವವರು ನನ್ನ ಅತ್ತೆ ಮತ್ತು ಓಣಿಯ ಮೂರು ನಾಲ್ಕು ಹೆಂಗಸರು. ಮಾರಾಟ ನನ್ನದು. ಅಂಗಡಿ ತೆರೆದ ಹೊಸದರಲ್ಲಿ ಆ ವೆಬ್‌ಸೈಟಿನ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲೇ ನನಗೆ ಸಾಕುಸಾಕಾಗುತ್ತಿತ್ತು. ಇದೇ ಬಣ್ಣದ್ದು ಎಷ್ಟು ಸ್ಟಾಕ್ ಇದೆ? ಇದೇ ಥರದ್ದು ಮತ್ತೆ ಸಿಗುತ್ತದೆಯೇ? ಹಳೆಯ ಸೀರೆ, ಧೋತರ, ಲಂಗ ಏನು ಕೈಗೆ ಸಿಕ್ಕರೆ ಅದನ್ನು ಹರಿದು ಕೂಡಿಸುವ ಕೌದಿ ಒಂದರಂತೆ ಇನ್ನೊಂದು ಹೇಗೆ ಬರಬೇಕು? ಪ್ರಶ್ನೆಯನ್ನು ಅತ್ತೆಗೆ ಓದಿ ಹೇಳಿದೆ.

"ಅವರ ಮನ್ಯಾಗ ಒಂದೇ ಥರದ ಮಕ್ಕಳು ಎಷ್ಟ್ ಅದಾರಂತ ಮೊದಲ ಕೇಳು," ಎಂದರು.

ಅದನ್ನು ನಾನು ವೆಬ್‌ಸೈಟಿನಲ್ಲಿ ಬರೆಯಲಿಲ್ಲ. ಬರೆಯಬೇಕೆಂದು ಕೈ ತುರಿಸಿತ್ತು ಮಾತ್ರ ನಿಜ.

ನಮ್ಮ ಕೆಲಸ ನಡೆಯುವುದು ಕಾಲುವೆಯ ಲೆಕ್ಕದಲ್ಲಿ. ಕಾಲುವೆಗೆ ನೀರು ಬಿಟ್ಟರೆ ಹೆಂಗಸರೆಲ್ಲ ಭತ್ತದ ಗದ್ದೆಗೆ ನಾಟಿಗೆ ಹೋಗುತ್ತಾರೆ, ಸೂಜಿ ಹಿಡಿಯುವ ಕೈ ಒಂದೂ ಸಿಗುವುದಿಲ್ಲ. ನೀರು ಬಂದಾದರೆ ಪಡಸಾಲೆ ತುಂಬುತ್ತದೆ. ನನ್ನ ಗಂಡನ ನೌಕರಿ ನಾರಾಯಣಪುರದ ನೀರಾವರಿ ಕಚೇರಿಯಲ್ಲಿ. ಅವರು ಅಲ್ಲಿನ ಕ್ವಾರ್ಟರ್ಸ್‌ನಲ್ಲಿರುತ್ತಾರೆ. ನೀರು ಯಾವಾಗ ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂದು ಫೋನ್ ಮಾಡಿ ಹೇಳುವುದು ಅವರ ಕೆಲಸ. ಗಂಡ ಹೆಂಡಿರ ಮಾತಿನಲ್ಲಿ ಅರ್ಧ ಬರೀ ನೀರಿನದೇ.

ಕೌದಿಗೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಹೊಲಿಗೆ ಪೂರ್ತಿಯಾಗುವ ಮುಂಚೆ ಒಂದು ಮೂಲೆಯಲ್ಲಿ ಸಣ್ಣ ಬಾಯಿ ಬಿಟ್ಟಿರುತ್ತೇವೆ. ಅದರೊಳಗೆ ಹೋಳಿಗೆಯ ಚೂರನ್ನೋ ರೊಟ್ಟಿಯ ಚೂರನ್ನೋ ಇಟ್ಟು ಆಮೇಲೆ ಬಾಯಿ ಮುಚ್ಚುತ್ತೇವೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಒಮ್ಮೆ ಪಾರ್ಸಲ್ ಬಿಚ್ಚಿದವರೊಬ್ಬರು ಇರುವೆ ಮುತ್ತಿದ್ದನ್ನು ಕಂಡು ಗಾಬರಿಯಾಗಿ ವಾಪಸು ಕಳಿಸಿದರು. ಅಂದಿನಿಂದ ಹೋಳಿಗೆ ಬಿಟ್ಟು ಒಣಗಿದ ಜೋಳದ ಕಾಳು ಹಾಕುತ್ತೇವೆ. ಕಾಲುವೆ ಬಂದಮೇಲೆ ನಮ್ಮ ಹೊಲದಲ್ಲಿ ಜೋಳ ಹೋಗಿ ಭತ್ತ ಬಂದಿದೆ. ಆದರೆ ಕೌದಿಯ ಹೊಟ್ಟೆಗೆ ಅಕ್ಕಿ ಹಾಕಲು ಅತ್ತೆ ಒಪ್ಪುವುದಿಲ್ಲ. ಅದಕ್ಕೆಂದೇ ಬದುವಿನ ಮೇಲೆ ಒಂದಿಷ್ಟು ಜೋಳ ಬೆಳೆಸುತ್ತಾರೆ.

ಅತ್ತೆಗೆ ಒಬ್ಬಳು ಮಗಳಿದ್ದಳು, ನನ್ನ ನಾದಿನಿ. ನಾನು ರಂಗಂಪೇಟೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಜಡೆ ಹಾಕಿ ಹೂವು ಮುಡಿಸಿದವಳು ಅವಳೇ. ಕಾಮಾಲೆಯಾಗಿ, ಅದು ತಲೆಗೇರಿ, ಯಾದಗಿರಿಯ ದವಾಖಾನೆಯಲ್ಲಿ ತೀರಿಕೊಂಡಳು. ಮದುವೆ ಗೊತ್ತಾಗಿತ್ತು. ಅತ್ತೆ ಅವಳ ಬಟ್ಟೆಗಳನ್ನೆಲ್ಲ ತಾವೇ ಕಾಲುವೆಗೆ ಒಯ್ದು ಹರಿಯುವ ನೀರಿನಲ್ಲಿ ಅದ್ದಿ ತೊಳೆದು, ಬೇಕಾದವರಿಗೆ ಹಂಚಿಬಿಟ್ಟರು. ಆ ಮೇಲೆ ಅವಳ ವಿಷಯ ಎತ್ತಲಿಲ್ಲ. ಅವರ ಟ್ರಂಕಿನ ತಳದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಪುಟ್ಟ ಬಟ್ಟೆಯ ಗಂಟು ಇದೆ. ಯಾರಿಗೂ ಅದನ್ನು ಮುಟ್ಟಗೊಡುವುದಿಲ್ಲ. ಮಗಳ ಮದುವೆಗೆಂದು ಮಾಡಿಸಿದ ಬಂಗಾರ ಇರಬೇಕೆಂದು ನಾನೂ ನನ್ನ ಗಂಡನೂ ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೇವೆ.

ಒಂದು ಸಲ ಅಂಗಡಿಗೆ ಬೇರೆಯೇ ಥರದ ಆರ್ಡರ್ ಬಂತು. ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು, ನನ್ನದೇ ವಯಸ್ಸಿರಬೇಕು. ಅವರ ತಾಯಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ತಾಯಿಯ ಸೀರೆಗಳನ್ನು ಕಳಿಸುತ್ತೇನೆ, ಅವುಗಳಿಂದಲೇ ಒಂದು ಕೌದಿ ಹೊಲಿದುಕೊಡುತ್ತೀರಾ ಎಂದು ಕೇಳಿದರು. ಅತ್ತೆ ಕೂಡಲೇ ಒಪ್ಪಿದರು. ಅವ್ವನ ಸೀರೆ ಮಗಳ ಮೈಮೇಲೆ ಇರುವುದಕ್ಕಿಂತ ಒಳ್ಳೆಯದು ಏನಿದೆ ಎಂದರು.

ಪಾರ್ಸಲನ್ನು ನಾನು ಶಹಾಪುರದಿಂದ ಮನೆಗೆ ತಂದ ದಿನವೇ ಗಂಡನ ಫೋನ್ ಬಂತು. ನಾಳೆಯಿಂದ ನೀರು ಬಂದ್, ಮತ್ತೆ ಬಿಡುವುದು ಯಾವಾಗ ಎಂದು ಗೊತ್ತಿಲ್ಲ ಎಂದರು. ಅತ್ತೆ ಪಾರ್ಸಲನ್ನು ಹೊಸ್ತಿಲು ದಾಟಿಸಗೊಡಲಿಲ್ಲ. ಹೊರಗೆ ಕಟ್ಟೆಯ ಮೇಲೆಯೇ ಇಡಿಸಿದರು.

"ಹೋದವರ ಅರಿವಿ ಹಂಗs ಒಳಗ ತರಬಾರ್ದು. ಹರಿಯೋ ನೀರು ಕಾಣಿಸಬೇಕು. ಇಲ್ಲಂದ್ರ ಅವರಿಗಿ ದಾರಿ ಸಿಗಂಗಿಲ್ಲ, ಹೊಸ್ತಿಲ್ದಾಗs ನಿಂತುಬಿಡ್ತಾರ."

"ನಾಳಿ ನೀರು ಬಂದ್ ಅಂತ್ರೀ," ಎಂದೆ.

"ಅದಕ್ಕs ಈಗ ಹೋಗೂಣು, ನಡಿ."

ಸೀರೆಗಳನ್ನು ಹೂವಿನ ಚಿತ್ರದ ಒಂದು ಹಳೆಯ ಬಟ್ಟೆಚೀಲದಲ್ಲಿ ತುಂಬಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಬಿಗಿದಿದ್ದರು. ಅತ್ತೆ ಸೀರೆಗಳನ್ನಷ್ಟೇ ಬುಟ್ಟಿಗೆ ಹಾಕಿಕೊಂಡು, ಚೀಲವನ್ನು ಮತ್ತೆ ಪ್ಲಾಸ್ಟಿಕ್ ಕವರಿನೊಳಗೆ ತುರುಕಿ ದನದ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದರು. ನಮ್ಮ ಮನೆಯಲ್ಲಿ ಪಾರ್ಸಲ್‌ಗೆ ಸುತ್ತಿ ಬಂದ ಚೀಲ, ಕವರುಗಳನ್ನು ಯಾವತ್ತೂ ಎಸೆಯುವುದಿಲ್ಲ.

ಕಾಲುವೆಯ ಮೆಟ್ಟಿಲ ಮೇಲೆ ಕುಳಿತು ಅವರು ಸಾಸಿವೆ ಬಣ್ಣದ್ದು, ಬೂದಿ ಬಣ್ಣದ್ದು, ಹಸಿರು ಅಂಚಿನದು ಎಂದು ಒಂದೊಂದೇ ಸೀರೆಯನ್ನು ಬಿಡಿಸಿ ನೀರಿಗೆ ಬಿಟ್ಟರು. ಮೊದಲು ಚಿಟಿಕೆ ಅರಿಶಿನ ಕುಂಕುಮ ಹಾಕಿ, ಕಂಡರಿಯದ ಆ ತಾಯಿಗೆ, "ನಡಿ ಯವ್ವಾ, ಇನ್ನ ಆರಾಮಾಗಿ ನಡಿ," ಎಂದು ಹೇಳಿದರು. ಆಮೇಲೆ ಸಬಕಾರ ಹಚ್ಚಿ ತಿಕ್ಕಿದರು. ಕೂಸಿನ ಬಟ್ಟೆ ಒಗೆಯುವಾಗ ಇರುವಷ್ಟು ಮೆತ್ತಗೆ ಕೈ ಆಡಿಸುತ್ತಿದ್ದರು. ನನಗೆ ಅವತ್ತು ಅತ್ತೆಯ ಮೇಲೆ ತುಂಬ ಪ್ರೀತಿ ಬಂತು.

ಮನೆಗೆ ಬಂದು ಸೀರೆಗಳನ್ನು ಅಂಗಳದಲ್ಲಿ ಒಣಹಾಕಿ ಒಳಗೆ ಬಂದೆ. ಮೊಬೈಲಿನಲ್ಲಿ ಆ ಹೆಣ್ಣುಮಗಳ ಮೆಸೇಜು ಬಂದಿತ್ತು. ಒಂದು ಮಾತು ಹೇಳುವುದು ಮರೆತೆ, ದಯವಿಟ್ಟು ಸೀರೆಗಳನ್ನು ತೊಳೆಯಬೇಡಿ, ಅವುಗಳಲ್ಲಿ ಇನ್ನೂ ಅಮ್ಮನ ವಾಸನೆ ಇದೆ, ಅದು ಹೋಗಬಾರದೆಂದೇ ಕವರಿನಲ್ಲಿ ಬಿಗಿದು ಕಳಿಸಿದ್ದೇನೆ ಎಂದು ಬರೆದಿದ್ದರು.

ಅಂಗಳಕ್ಕೆ ಓಡಿಹೋಗಿ ಒಂದು ಸೀರೆಯನ್ನು ಮೂಗಿಗೆ ಹಿಡಿದೆ. ಸಬಕಾರದ ವಾಸನೆ, ಕಾಲುವೆಯ ಕೆಸರಿನ ವಾಸನೆ, ಅಷ್ಟೇ. ಇನ್ನೊಂದು ಹಿಡಿದೆ. ಅದರಲ್ಲೂ ಅದೇ. ನನಗೆ ಮೊದಲು ಬಂದದ್ದು ಸಿಟ್ಟು. ಇಂಥ ಮಾತನ್ನು ಮೊದಲೇ ಹೇಳಬಾರದಿತ್ತೇ ಎಂದು ಆಕೆಯ ಮೇಲೆ, ಅಷ್ಟು ಅವಸರ ಏನಿತ್ತು ಎಂದು ಅತ್ತೆಯ ಮೇಲೆ, ನಾಳೆಯೇ ನೀರು ನಿಲ್ಲಬೇಕೇ ಎಂದು ಆ ಕಾಲುವೆಯ ಮೇಲೆಯೂ. ಸಿಟ್ಟು ಇಳಿದಮೇಲೆ ಅಳು ಬಂತು. ಬೇರೆ ಏನು ಕೆಟ್ಟರೂ ಹೊಸದು ಮಾಡಿಕೊಡಬಹುದಿತ್ತು, ಇದಕ್ಕೆ ನಮ್ಮಲ್ಲಿ ಯಾವ ದಾರಿಯೂ ಇರಲಿಲ್ಲ.

ಅತ್ತೆಗೆ ಮೆಸೇಜು ಓದಿ ಹೇಳಿದೆ. ಅವರು ಹಗ್ಗದ ಮೇಲಿನ ಸೀರೆಗಳನ್ನೇ ನೋಡುತ್ತ ನಿಂತರು. ಆಮೇಲೆ, "ಫೋನ್ ಹಚ್ಚು," ಎಂದರು.

"ಏನಂತ ಹೇಳ್ತೀರಿ ಅತ್ತಿ? ನಾ ಬರದು ಹಾಕ್ತೀನಿ ಬಿಡ್ರಿ."

"ಬರದು ಹಾಕೂ ಮಾತಲ್ಲ ಅದು. ಹಚ್ಚು."

ಸ್ಪೀಕರ್ ಹಾಕಿ ಹಚ್ಚಿದೆ. ಆಕೆ ಫೋನೆತ್ತಿದ ಕೂಡಲೇ, "ಮೆಸೇಜ್ ನೋಡಿದ್ರಾ? ತೊಳೆದಿಲ್ಲ ತಾನೆ?" ಎಂದು ಕೇಳಿದರು. ಅತ್ತೆ ಸುತ್ತಿ ಬಳಸಿ ಮಾತಾಡುವವರಲ್ಲ.

"ತೊಳದೀನಿ ಯವ್ವಾ. ಎಲ್ಲಾ ತೊಳದೀನಿ. ನಾನs ತೊಳದೀನಿ, ನನ್ನ ಸೊಸೀದೇನೂ ತಪ್ಪಿಲ್ಲ. ನಮ್ಮ ಕಡಿ ಪದ್ಧತಿ ಹಂಗದ. ನಿನ್ನ ಜೀವಕ್ಕ ಹ್ಯಾಂಗ ಆಗ್ಯಾದ ನನಗ ಗೊತ್ತದ."

ಆಕೆ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಆಕೆ, "ದಿನಾ ಬೀರು ತೆಗೆದು ಒಂದ್ಸಲ ಮುಖ ಇಡ್ತಿದ್ದೆ ಅಮ್ಮ. ಇನ್ನೇನು ಮಾಡಲಿ?" ಎಂದರು.

ಅತ್ತೆಗೆ ಆಗ ಏನೋ ಹೊಳೆಯಿತು. "ಸೀರಿ ತುಂಬಿದ್ದ ಹೂವಿನ ಚೀಲ ಯಾರದು?" ಎಂದು ಕೇಳಿದರು.

"ಚೀಲ ಅಲ್ಲ ಅದು. ಅಮ್ಮನ ದಿಂಬಿನ ಕವರು. ಅವಸರದಲ್ಲಿ ಅದೇ ಕೈಗೆ ಸಿಕ್ತು, ಅದಕ್ಕೇ ತುಂಬಿಬಿಟ್ಟೆ."

"ಅದನ್ನ ನಾ ತೊಳದಿಲ್ಲ."

ಆಕೆ ಗಟ್ಟಿಯಾಗಿ ಅತ್ತುಬಿಟ್ಟರು. ಅದನ್ನು ಕೇಳುತ್ತ ನನಗೂ ಅಳು ಬಂತು.

ನನಗನ್ನಿಸಿದ್ದು, ದಿಂಬಿನ ಕವರನ್ನು ಹಾಗೆಯೇ ಪ್ಯಾಕ್ ಮಾಡಿ ಕಳಿಸಿಬಿಡೋಣ ಎಂದು. ಅತ್ತೆ ಬೇಡವೆಂದರು. ಒಂಟಿ ಅರಿವೆ ಎಲ್ಲಿಯಾದರೂ ಕಳೆಯುತ್ತದೆ, ಯಾರಾದರೂ ತಿಳಿಯದೆ ಒಗೆಯಲು ಹಾಕಿಬಿಡುತ್ತಾರೆ ಎಂದರು. ನೀರು ನಿಂತು ಹೆಂಗಸರ ಕೈ ಖಾಲಿಯಾಗಿತ್ತು, ಕೌದಿ ಬೇಗ ಮುಗಿಯಿತು. ಸಾಸಿವೆ ಬಣ್ಣದ ಸೀರೆ ನಡುವೆ ಬಂತು, ಹಸಿರು ಅಂಚು ನಾಲ್ಕೂ ಕಡೆ ಸುತ್ತಿತು. ಮೂಲೆಯಲ್ಲಿ ಬಾಯಿ ಬಿಟ್ಟಿದ್ದೆವು, ಈ ಸಲ ಸ್ವಲ್ಪ ದೊಡ್ಡದಾಗಿಯೇ.

"ಕೊಟ್ಟಿಗ್ಯಾಗಿನ ಕವರ್ ತಗೊಂಡ್ ಬಾ," ಎಂದರು ಅತ್ತೆ.

"ಒಳಗ ತರ್ಲ್ಯಾ?"

"ಒಳಗs ತಾ."

ಉಳಿದ ಹೆಂಗಸರು ಸೂಜಿ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ತೀರಿಹೋದವರ ಅರಿವೆ ತೊಳೆಯದೆ ಈ ಮನೆಯ ಹೊಸ್ತಿಲೊಳಗೆ ಬಂದದ್ದೇ ಇಲ್ಲ ಎಂದು ಎಲ್ಲರೂ ತಿಳಿದಿದ್ದೆವು. ನಾನು ತಂದುಕೊಟ್ಟೆ. ಪ್ಲಾಸ್ಟಿಕ್ಕಿನಿಂದ ತೆಗೆಯುವಾಗ ಕೊಬ್ಬರಿ ಎಣ್ಣೆಯದೂ ನೋವಿನ ಮುಲಾಮಿನದೂ ವಾಸನೆ ಒಮ್ಮೆ ಬಂದು ಹೋಯಿತು. ನಾನು ಬಗ್ಗಿ ಮೂಸಲು ಹೋದೆ. ಅತ್ತೆ ನನ್ನ ಕೈ ತಡೆದರು. "ಅದು ಆಕಿದು. ನಾವು ಖರ್ಚ್ ಮಾಡಬಾರ್ದು," ಎಂದರು.

ಅದನ್ನು ಚಿಕ್ಕದಾಗಿ ಮಡಚಿ, ಆರೆಂಟು ಜೋಳದ ಕಾಳಿನ ಜೊತೆ ಕೌದಿಯ ಹೊಟ್ಟೆಗೆ ಇಟ್ಟರು. ಬಾಯಿಯನ್ನು ಕೆಂಪು ದಾರದಲ್ಲಿ ಸಡಿಲ ಹೊಲಿಗೆ ಹಾಕಿ ಮುಚ್ಚಿದರು, ಬೇಕಾದಾಗ ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಕೆಂಪು ದಾರದ ಮೂಲೆಯಲ್ಲಿ ನಿಮ್ಮ ಅಮ್ಮನ ದಿಂಬಿನ ಕವರಿದೆ ಎಂದು ಆಕೆಗೆ ಫೋನ್ ಮಾಡಿ ಹೇಳಿ, ಪಾರ್ಸಲನ್ನು ನಾನೇ ಶಹಾಪುರಕ್ಕೆ ಒಯ್ದು ಕೊಟ್ಟು ಬಂದೆ.

ಮುಟ್ಟಿತು ಎಂದು ಆಕೆ ಒಂದು ಸಾಲು ಬರೆದರು, ಅಷ್ಟೇ. ವೆಬ್‌ಸೈಟಿನಲ್ಲಿ ಹೊಗಳಲಿಲ್ಲ, ತೆಗಳಲೂ ಇಲ್ಲ. ನಮ್ಮನ್ನು ಕ್ಷಮಿಸಿಲ್ಲವೆಂದೇ ನಾನು ತಿಳಿದುಕೊಂಡೆ. ಅತ್ತೆ ಮಾತ್ರ ಆಗಾಗ, "ಆಕಿ ಫೋನ್ ಬಂದಿತ್ತೇನು?" ಎಂದು ಕೇಳುತ್ತಿದ್ದರು. ಇಲ್ಲವೆಂದು ಹೇಳಲು ನನಗೆ ಸಂಕಟವಾಗುತ್ತಿತ್ತು.

ಕಾಲುವೆಗೆ ಮತ್ತೆ ನೀರು ಬಿಟ್ಟ ಮೇಲೆ ಒಂದು ದಿನ ಆಕೆಯೇ ಫೋನ್ ಮಾಡಿದರು. "ನಿಮ್ಮ ಅತ್ತೆಗೆ ಹೇಳಿ, ದಿನಾ ಆ ಕೌದೀನೇ ಹೊದ್ದು ಮಲಗ್ತೀನಿ. ಆದ್ರೆ ಆ ಮೂಲೆ ಬಿಚ್ಚಿಲ್ಲ. ಬಿಚ್ಚಿದ್ರೆ ಹೋಗ್ಬಿಡುತ್ತಲ್ವಾ? ಒಳಗಿದೆ ಅಂತ ಗೊತ್ತಿದ್ರೆ ಸಾಕು," ಎಂದರು.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಆಕೆ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ನಾನೂ ಬಿಚ್ಚಿಲ್ಲ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಮೊರವನ್ನು ಕೆಳಗಿಟ್ಟು ಒಳಕೋಣೆಯ ಟ್ರಂಕಿನ ಕಡೆ ನೋಡಿದರು.

"ಅದರಾಗ ಬಂಗಾರ ಅದ ಅಂತ ಗಂಡ ಹೆಂಡ್ತಿ ಮಾತಾಡ್ತೀರಿ, ನನಗ ಗೊತ್ತದ. ಬಂಗಾರ ಇಲ್ಲ. ಆಕಿ ಕುಪ್ಪಸ ಅದ. ದವಾಖಾನಿಗಿ ಹೋಗೂ ಮುಂದ ಬಿಚ್ಚಿಟ್ಟಿದ್ದು. ಊರಾಗ ಯಾರು ಹೋದ್ರೂ ಅರಿವಿ ನೀರಿಗಿ ಒಯ್ರಿ, ಅವರಿಗಿ ದಾರಿ ಬಿಡ್ರಿ ಅಂತ ನಾನs ಹೇಳ್ತೀನಿ. ನನ್ನ ಮಗಳಿಗಿ ನಾ ಬಿಟ್ಟಿಲ್ಲ."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡರು. ನಾನು ಪಕ್ಕದಲ್ಲಿ ಕುಳಿತು ಕಾಳಿನಲ್ಲಿ ಹರಳು ಆರಿಸತೊಡಗಿದೆ. ಅವತ್ತು ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಆ ಗಂಟನ್ನು ಒಯ್ಯೋಣವೇ ಎಂದು ನಾನು ಕೇಳಲಿಲ್ಲ.