ಅಕ್ಕನ ತುಟಿಯ ಮೇಲಿನ ಸಿನಿಮಾಗಳು

ಅಕ್ಕ ತೀರಿಕೊಂಡು ವರ್ಷ ತುಂಬಿದ ದಿನ ಊಟ ಮುಗಿದ ಮೇಲೆ ನಾವು ನಾಲ್ಕು ಮಂದಿ ಸಿನಿಮಾದ ಬಗ್ಗೆ ವಾದಕ್ಕೆ ಕೂತೆವು. ಬೆಳಿಗ್ಗೆ ಸಮಾಧಿಗೆ ಹೂವೇರಿಸಿ ಬಂದಿದ್ದೆವು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಎಲ್ಲ ಆಕೆಗೆ ಸೇರುತ್ತಿದ್ದವೇ. ಇಚಲಕರಂಜಿ ಹತ್ತಿರದ ಕಬನೂರಿನಲ್ಲಿ ಅಕ್ಕನ ಆ ಮನೆಯ ಹಿಂದೆಯೇ ಕರೆಂಟಿನ ಮಗ್ಗದ ಶೆಡ್ಡು. ಮಗ್ಗ ನಡೆಯುವಾಗ ಅಡುಗೆಮನೆಯ ಗೂಡಿನಲ್ಲಿ ತಾಟುಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತಿರುತ್ತವೆ. ಆ ದಿನ ಮಗ್ಗ ಬಂದ್ ಇಟ್ಟಿದ್ದರು. ತಾಟುಗಳು ಸುಮ್ಮನಿದ್ದವು. ಆ ಮನೆಯಲ್ಲಿ ಅಂಥ ಮೌನವನ್ನು ನಾನು ಹೆಚ್ಚು ಸಲ ಕೇಳಿದವಳಲ್ಲ.

ದಾಜಿ ಗೋಡೆಗೆ ಒರಗಿ ಕೂತಿದ್ದರು. ದಾಜಿ ಎಂದರೆ ಅಕ್ಕನ ಗಂಡ. ನಮ್ಮ ಕಡೆ ಹಾಗೆಯೇ ಕರೆಯುವುದು. ಅವರ ಮಗಳು ಕೊಲ್ಲಾಪುರದಿಂದ ಬಂದಿದ್ದಳು, ನಾನು ಮತ್ತು ನಮ್ಮ ಯಜಮಾನರು ಗಡಹಿಂಗ್ಲಜದಿಂದ. ಅಳುವುದು ಬೆಳಿಗ್ಗೆಯೇ ಮುಗಿದಿತ್ತು. ಮನೆಯ ಭಾರ ಇಳಿಸಬೇಕೆಂದೇ ಇರಬೇಕು, ಮಗಳು ಮೊಬೈಲು ತೆಗೆದು ಹತ್ತು ವರ್ಷದ ಒಳ್ಳೆಯ ಸಿನಿಮಾಗಳ ಪಟ್ಟಿ ಮಾಡತೊಡಗಿದಳು.

"ಕಾಕಾ, ನಿಮ್ದೊಂದ ಹೇಳ್ರಿ. ಒಂದ."

"ಒಂದ ಅಂದ್ರ ಆ ಪೊಲೀಸ್ ಸಾಹೇಬ ಜೀಪಿನ ಮ್ಯಾಲಿಂದ ಜಿಗೀತಾನಲ್ಲ, ಅದು," ಎಂದರು ನಮ್ಮ ಯಜಮಾನರು.

"ಜಿಗಿಯೂದ ಬಿಟ್ರ ಏನೈತಿ ಅದರಾಗ?"

"ನಿನ್ನ ಸಿನಿಮಾದಾಗ ಏನೈತಿ? ಎರಡ ತಾಸ ಒಬ್ಬಾಕಿ ಕಿಟಕ್ಯಾಗ ನಿಂತ ಮಳಿ ನೋಡ್ತಾಳ. ನಾ ಒಂದ ನಿದ್ದಿ ಮಾಡಿ ಎದ್ದೆ, ಇನ್ನೂ ಅಲ್ಲೇ ನಿಂತಿದ್ಲು!"

ದಾಜಿ ನಕ್ಕರು. ಎರಡು ತಿಂಗಳ ಹಿಂದೆ ಮಗಳು ಅವರ ಕಿವಿಗೆ ಮಷಿನ್ ಹಾಕಿಸಿದ್ದಳು. ಮಾತು ಒಳಗೆ ಹೋಗಿ ತಿಳಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಎಲ್ಲರ ನಗು ಮುಗಿದ ಮೇಲೆ ಅವರ ನಗು ಬರುತ್ತಿತ್ತು.

"ಕಂಡಕ್ಟರನ ಸಿನಿಮಾ," ಎಂದರು. "ಅದs ಒಂದ ನಂಬರ್."

"ಅದು ಛಲೋನ ಐತಿ ಅಪ್ಪಾ, ಖರೆ ಭಾಳ ದುಃಖದ್ದು. ನನಗ ಎರಡ ದಿನ ಊಟ ಸೇರ್ಲಿಲ್ಲ."

"ದುಃಖದ್ದು ಯಾಕ? ಕಡೀಕ ಅಂವ ಬಸ್ಸಿನ ಬಾಗಲದಾಗ ನಿಂತ ಹೇಣ್ತಿಗೆ ಹೇಳ್ತಾನಲ್ಲ, ಸೋಮವಾರ ಬರ್ತೇನಿ, ಝುಣಕಾ ಮಾಡಿಡು ಅಂತ."

"ಝುಣಕಾ? ಕಾಹಿತರಿ ಕಾಯ್ ಅಪ್ಪಾ! ಏನರೆ ಹೇಳ್ತೀರಿ!" ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಣ್ಣಾರಿಗೆ ಹೋಳಿಗಿ ಉಂಡ ಮ್ಯಾಲೂ ಝುಣಕಾದ್ದ ಧ್ಯಾಸ," ಎಂದು ಇವರು ತೊಡೆ ಬಡಿದುಕೊಂಡರು.

ನಾನು ಅಡಿಕೆ ಕತ್ತರಿಸುತ್ತಿದ್ದೆ. ಕೈ ನಿಂತಿತು. ಕಡಲೆಹಿಟ್ಟಿನ ಆ ಝುಣಕಾ ಸಿನಿಮಾದೊಳಗೆ ಎಲ್ಲಿಂದ ಬಂತೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮಗ್ಗದ ಶೆಡ್ಡಿನಲ್ಲಿ ಯಾರೂ ಬಾಯಿ ಮಾಡಿ ಮಾತಾಡುವುದಿಲ್ಲ. ಮಾಡಿದರೂ ಕೇಳಿಸುವುದಿಲ್ಲ. ತುಟಿ ಆಡಿಸುತ್ತಾರೆ, ಎದುರಿನವರು ತುಟಿ ಓದುತ್ತಾರೆ. ಬೈಗುಳ, ಚಹಾ, ಮದುವೆಯ ಮಾತು, ಎಲ್ಲ ಸದ್ದಿಲ್ಲದೇ ನಡೆಯುತ್ತದೆ. ಅಕ್ಕ ಮತ್ತು ನಾನು ಲಗ್ನಕ್ಕೆ ಮೊದಲು ಅಂಥ ಶೆಡ್ಡಿನಲ್ಲಿಯೇ ಕಾಂಡಿಗೆ ನೂಲು ಸುತ್ತುತ್ತಿದ್ದೆವು. ದಾಜಿ ಅಲ್ಲಿ ಜಾಬರ್, ಕೆಟ್ಟ ಮಗ್ಗ ದುರಸ್ತಿ ಮಾಡುವವರು. ಅವರಿಬ್ಬರ ಲಗ್ನ ಕುದುರಿದ್ದೇ ನಾಲ್ಕು ಮಗ್ಗಗಳ ಆಚೆ ಈಚೆ ನಿಂತು ತುಟಿಯಲ್ಲಿ ಆಡಿದ ಮಾತಿನಿಂದ. ಮುಂದೆ ಮಗ್ಗದ ಸದ್ದಿಗೆ ದಾಜಿಯ ಕಿವಿ ಮುಕ್ಕಾಲು ಹೋಯಿತು. ಅಕ್ಕನಿಗೆ ಅದೊಂದು ದೊಡ್ಡ ಸಂಗತಿಯೇ ಆಗಲಿಲ್ಲ. ಶೆಡ್ಡಿನ ಮಾತು ಮನೆಗೆ ಬಂತು, ಅಷ್ಟೇ.

ಇಚಲಕರಂಜಿಗೋ ಕೊಲ್ಲಾಪುರಕ್ಕೋ ಸಿನಿಮಾ ನೋಡಲು ಹೋದರೆ ಅಕ್ಕ ದಾಜಿಯ ಬಲಕ್ಕೆ ಕೂಡುವಳು, ಪರದೆಯ ಬೆಳಕು ಮುಖಕ್ಕೆ ಬೀಳುವಂತೆ ಅವರ ಕಡೆ ಅರ್ಧ ತಿರುಗಿ. ಪರದೆಯ ಮೇಲಿನ ಮರಾಠಿ ಮಾತನ್ನೆಲ್ಲ ಕನ್ನಡ ಮಾಡಿ ತುಟಿಯಲ್ಲಿ ಹೇಳುವಳು. ದಾಜಿ ಒಮ್ಮೆ ಪರದೆ, ಒಮ್ಮೆ ಆಕೆಯ ಬಾಯಿ ನೋಡುವರು. ನಾನು ಬಂದಾಗ ದಾಜಿಯ ಎಡಕ್ಕೆ ಕೂಡುತ್ತಿದ್ದೆ. ಹಾಗಾಗಿ ಅಕ್ಕನ ಮುಖ ನನಗೂ ಕಾಣುತ್ತಿತ್ತು.

ಆಕೆ ಕತೆ ಬದಲಿಸುತ್ತಾಳೆ ಎಂದು ನನಗೆ ತಿಳಿದದ್ದು ಹೀಗೆ. ಕೋರ್ಟಿನಲ್ಲಿ ಸೋತವನು ಅಕ್ಕನ ತುಟಿಯ ಮೇಲೆ ಅಪೀಲು ಹೋಗುತ್ತಿದ್ದ. ಮನೆ ಬಿಟ್ಟು ಹೊರಟ ಅತ್ತೆ ತೀರ್ಥಯಾತ್ರೆಗೆ ಹೊರಡುತ್ತಿದ್ದಳು. ಕಣ್ಣಿಗೆ ಕಾಣುವುದನ್ನು ಆಕೆ ಮುಟ್ಟುತ್ತಿರಲಿಲ್ಲ. ಮಾತಿನಲ್ಲಿ ಇರುವುದನ್ನಷ್ಟೇ ತಿರುಗಿಸುವಳು. ಒಮ್ಮೆ ಇಂಟರ್ವಲ್‌ನಲ್ಲಿ ಕೇಳಿದೆ. "ಅವರು ಸಣ್ಣದಕ್ಕ ಅಳತಾರ. ನಾಳೆ ಶೆಡ್ಡಿನ ಕೆಲಸ ಯಾರ ಮಾಡಾವ್ರು?" ಎಂದಳು. ಶೇಂಗಾ ಪೊಟ್ಟಣ ನನ್ನ ಕೈಗೆ ಕೊಟ್ಟು ಮತ್ತೆ ಅವರ ಕಡೆ ತಿರುಗಿದಳು.

ಕಂಡಕ್ಟರನ ಸಿನಿಮಾ ನೋಡಿದ ದಿನ ಮಾತ್ರ ಬೇರೆ. ಅಂದು ಬೆಳಿಗ್ಗೆ ನಾವು ಮೂವರೂ ಕೊಲ್ಲಾಪುರದ ದವಾಖಾನೆಯಲ್ಲಿದ್ದೆವು. ಡಾಕ್ಟರ ಬಾಯಿಗೆ ಮಾಸ್ಕ್ ಇತ್ತು. ಅವರು ಅಕ್ಕನ ರಿಪೋರ್ಟು ನೋಡಿ ಮೆಲ್ಲಗೆ, ಬಹಳ ಮರ್ಯಾದೆಯಿಂದ ಮರಾಠಿಯಲ್ಲಿ ಹೇಳಿದರು: ಇನ್ನು ಆರು ತಿಂಗಳು, ಹೆಚ್ಚೆಂದರೆ ಒಂದೆರಡು ಮೇಲೆ. ದಾಜಿ ಅಕ್ಕನ ಬಾಯಿ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿ ತುಟಿ ಆಡಿಸಿದಳು: "ಗುಳಿಗಿ ಬದ್ಲಿ ಮಾಡ್ಯಾರ. ಆರ್ ತಿಂಗಳಾ ತಗೊಂಡ್ರ ಮುಗೀತಂತ."

ಆಮೇಲೆ ನನ್ನ ಕಡೆ ಒಮ್ಮೆ ನೋಡಿದಳು. ಅಷ್ಟೇ ಸಾಕಾಗಿತ್ತು.

ಹೊರಗೆ ಬಂದ ಮೇಲೆ ಖುಷಿಯಲ್ಲಿ ಸಿನಿಮಾಕ್ಕೆ ಹೋಗೋಣ ಎಂದವರು ದಾಜಿ. ಕಡೆಯ ದೃಶ್ಯದಲ್ಲಿ ಕಂಡಕ್ಟರ ಬಸ್ಸಿನ ಬಾಗಿಲಲ್ಲಿ ನಿಂತಿದ್ದಾನೆ. ನಮಗೆ ಕಾಣುವುದು ಅವನ ಬೆನ್ನು. ಕೆಳಗೆ ಹೆಂಡತಿ, ನಗುತ್ತ ತಲೆ ಆಡಿಸುತ್ತಾಳೆ. ಬಸ್ಸು ಹೋಗುತ್ತದೆ. ಸೋಮವಾರ ಬರ್ತೇನಿ, ಝುಣಕಾ ಮಾಡಿಡು, ಎಂದವು ಅಕ್ಕನ ತುಟಿಗಳು. ಪರದೆಯ ಮೇಲೆ ಅವನು ಅಂದದ್ದು ಬೇರೆ.

ಏಳು ತಿಂಗಳಿಗೆ ಅಕ್ಕ ಹೋದಳು. ಗುಳಿಗೆ ಚೆನ್ನಾಗಿ ಹತ್ತಿತ್ತು, ಏನೋ ಒಮ್ಮೆಲೇ ಆಯಿತು ಎಂದು ದಾಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ವರ್ಷ ಕಳೆದಿದ್ದರು. ಆ ಮಾತಿನ ಆಸರೆಯಲ್ಲೇ ಅವರು ಎದ್ದು ಕೂತಿದ್ದರು. ಸಿನಿಮಾದ ಝುಣಕಾ ಸುಳ್ಳೆಂದು ತಿಳಿದರೆ ಅದೇ ದಿನದ ಗುಳಿಗೆಯ ಮಾತೂ ಉಳಿಯುವುದಿಲ್ಲ. ಅದಕ್ಕೇ ನನ್ನ ಕೈ ನಿಂತದ್ದು.

"ಈಗ ಮಷಿನ್ ಐತಲ್ಲ, ನೀವs ಕೇಳ್ರಿ," ಎಂದು ಮಗಳು ಟೀವಿಗೆ ಮೊಬೈಲು ಜೋಡಿಸುತ್ತಿದ್ದಳು. "ಝುಣಕಾ ಇದ್ರ ನಾಳೆ ನಾನs ಮಾಡಿ ನೀಡ್ತೇನಿ."

"ಇವತ್ತ ಬ್ಯಾಡವಾ," ಎಂದೆ. "ವರ್ಷದ ದಿನಾ ಟೀವಿ ಹಚ್ಚಿದ್ರ ಮಂದಿ ಏನಂತಾರ?"

"ಮಂದಿ ಏನೂ ಅನ್ನೂದಿಲ್ಲ ಮಾವಶಿ. ಅವ್ವಗ ಸಿನಿಮಾ ಅಂದ್ರ ಜೀವ ಇತ್ತು."

"ಹಚ್ಚು, ಹಚ್ಚು," ಎಂದರು ದಾಜಿ. ಮುಂದಕ್ಕೆ ಸರಿದು ಕೂತರು. ಬಲಕ್ಕೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟುಕೊಂಡೇ ಕೂತರು. ಅದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಮಗಳು ಕಡೆಯ ಭಾಗಕ್ಕೇ ಓಡಿಸಿದಳು. ಬಸ್ಸು, ಬಾಗಿಲು, ಬೆನ್ನು. "ಮಾಝಿ ವಾಟ್ ಬಘೂ ನಕೋಸ್," ಎಂದಿತು ಟೀವಿ. ನನ್ನ ದಾರಿ ಕಾಯಬೇಡ. ಹೆಂಡತಿ ನಗುತ್ತ ತಲೆ ಆಡಿಸಿದಳು. ಬಸ್ಸು ಹೋಯಿತು.

"ಹಿಂದ ತಗೋ," ಎಂದರು ದಾಜಿ.

ಮೂರು ಸಲ ತೆಗೆಸಿದರು. ಮೊದಲ ಸಲ ನಮ್ಮ ಯಜಮಾನರು ನಕ್ಕರು, ಎರಡನೆಯ ಸಲ ನಗಲಿಲ್ಲ. ದಾಜಿ ಮಷಿನ್ ತೆಗೆದರು. ಧೋತರದ ಚುಂಗಿನಿಂದ ಒರೆಸಿ ಅದರ ಡಬ್ಬಿಯಲ್ಲಿ ಇಟ್ಟು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಇಲ್ಲದೆ, ತುಟಿಯಲ್ಲಷ್ಟೇ ಕೇಳಿದರು.

"ದವಾಖಾನ್ಯಾಗ ಡಾಕ್ಟರ್ ಏನ್ ಅಂದಿದ್ರು?"

ಮಗಳು ಪಕ್ಕದಲ್ಲಿಯೇ ಇದ್ದಳು. ಅವಳನ್ನು ಅಕ್ಕ ಶೆಡ್ಡಿಗೆ ಕಳಿಸಿರಲಿಲ್ಲ. ಶಾಲೆ, ಕಾಲೇಜು, ಕೊಲ್ಲಾಪುರ ಎಂದು ಬೆಳೆದವಳು. ಅವಳಿಗೆ ಆ ಮಾತು ಬರುವುದಿಲ್ಲ. ನಮ್ಮ ಯಜಮಾನರಿಗೂ ಬರುವುದಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಶೆಡ್ಡಿನ ಮಾತಿನಲ್ಲಿ ಮುಖ ಬೇರೆ ಕಡೆ ತಿರುಗಿಸಲು ಬರುವುದಿಲ್ಲ. ತಿರುಗಿಸಿದರೆ ಮಾತೇ ಇಲ್ಲ. ಆರು ತಿಂಗಳು ಅಂದಿದ್ದರು, ಎಂದೆ ತುಟಿಯಲ್ಲೇ.

"ಅಕಿ ಏಳೂ ತಿಂಗಳಾ ಒಬ್ಬಾಕೇನ?"

"ನಾ ಇದ್ದೆ."

"ನೀ ಗಡಹಿಂಗ್ಲಜದಾಗ ಇದ್ದಿ." ಅವರ ತುಟಿ ನಡುಗುತ್ತಿತ್ತು, ಓದುವುದು ಕಷ್ಟವಾಯಿತು. "ನಾ ಇಲ್ಲೇ ಇದ್ದೆ. ಹಿಂದಿನ ಶೆಡ್ಡಿನ್ಯಾಗ. ಹೇಳಿದ್ರ ಮಗ್ಗ ಬಂದ್ ಇಟ್ಟ ಅಕಿ ಮುಂದ ಕುಂದರ್ತಿದ್ದೆ."

ಅಳುತ್ತಾರೆ ಎಂದು ಅಕ್ಕ ಉಳಿಸಿದ್ದು ಅವರನ್ನು. ಅವರಿಂದ ಕಸಿದುಕೊಂಡದ್ದು ಏಳು ತಿಂಗಳನ್ನು. ಅದರಲ್ಲಿ ನನ್ನ ಕೈಯೂ ಇತ್ತು.

"ಮಾವಶಿ, ಅಪ್ಪಾ ಏನ್ ಅಂದ್ರು?" ಮಗಳು ಗಾಬರಿಯಿಂದ ಕೇಳಿದಳು.

"ಚಹಾ ಕೇಳಾಕತ್ತಾರ," ಎಂದೆ. ಅಕ್ಕನ ಹಾಗೆಯೇ ನಾನೂ ಮಾತು ಬದಲಿಸಿದ್ದೆ. ಅಷ್ಟು ಸಲೀಸಾಗಿ ಬಂದಿತ್ತು. ಎದ್ದು ಹೋಗಿ ಚಹಾಕ್ಕೆ ಇಟ್ಟೆ.

ಆ ಮೇಲಿನ ವಾರ ದಾಜಿ ಫೋನು ಮಾಡಿಸಿ ಕರೆದರು. ಗಡಹಿಂಗ್ಲಜದಿಂದ ಕಬನೂರು ಒಂದು ದಿನದಲ್ಲಿ ಹೋಗಿ ಬರುವ ದಾರಿ. ಹೋದರೆ ಟೀವಿಯ ದನಿ ಪೂರ್ತಿ ಕಡಿಮೆ ಮಾಡಿ ಇಟ್ಟಿದ್ದರು. ಮಷಿನ್ ಡಬ್ಬಿಯಲ್ಲೇ ಇತ್ತು. ತಮ್ಮ ಬಲಕ್ಕೆ ಕುರ್ಚಿ ಹಾಕಿದ್ದರು.

"ಹತ್ತ ವರ್ಷದಾಗ ನೋಡಿದ್ದೆಲ್ಲಾ ಮತ್ತ ನೋಡ್ತೇನಿ," ಎಂದರು. "ಅಂವ ಏನ್ ಅಂದಾ ಅನ್ನೂದ ಬ್ಯಾಡ. ಅಕಿ ಏನ್ ಹೇಳಿದ್ಲು ಅದನ್ನ ಹೇಳು."

ಮೊದಲ ಎರಡು ಸಿನಿಮಾ ನನಗೆ ನೆನಪಿದ್ದವು. ಅಪೀಲು, ತೀರ್ಥಯಾತ್ರೆ, ಎಲ್ಲ ಹೇಳಿದೆ. ಅಕ್ಕ ನೆನಪಾದರೆ ನನಗೆ ಈಗ ಆಕೆಯ ದನಿ ಬರುವುದಿಲ್ಲ, ತುಟಿ ಬರುತ್ತದೆ. ಅದು ಅಂದು ಕೆಲಸಕ್ಕೆ ಬಂತು. ದಾಜಿ ನನ್ನ ಮುಖ ನೋಡುತ್ತಿದ್ದರು ಎನ್ನುವುದಕ್ಕಿಂತ ನನ್ನ ಮುಖದಲ್ಲಿ ಹುಡುಕುತ್ತಿದ್ದರು ಎನ್ನಬೇಕು.

ಮೂರನೆಯದು ಒಬ್ಬ ಮಾಸ್ತರನ ಸಿನಿಮಾ. ಅದನ್ನು ನೋಡಲು ನಾನು ಅವರ ಜೊತೆ ಹೋಗಿರಲೇ ಇಲ್ಲ. ಹಾಗೆ ಹೇಳಲು ಧೈರ್ಯವಾಗಲಿಲ್ಲ. ಮಾಸ್ತರ ನಮಗೆ ಬೆನ್ನು ಕೊಟ್ಟು ತಾಯಿಗೆ ಒಂದು ಪತ್ರ ಓದುತ್ತಾನೆ, ತಾಯಿ ಕಣ್ಣು ಮುಚ್ಚಿ ಕೇಳುತ್ತಾಳೆ. ಮಗಳು ಹಡೆದಿದ್ದಾಳಂತೆ, ಹೆಣ್ಣು ಕೂಸಂತೆ, ಎಂದು ತುಟಿ ಆಡಿಸಿದೆ.

"ಅಕಿ ಹಿಂಗ ಹೇಳಿರ್ಲಿಲ್ಲ."

"ಮತ್ತ ಏನ್ ಹೇಳಿದ್ಲ್ರಿ?"

"ನೆನಪ ಇಲ್ಲ. ಖರೆ ಹಿಂಗ ಅಲ್ಲ. ಇನ್ನೊಮ್ಮೆ ಹೇಳು."

ತಮ್ಮ ಬಂದನಂತೆ, ಎಂದೆ. ಅಲ್ಲ. ಹೊಲ ಉಳಿಯಿತಂತೆ. ಅಲ್ಲ. ಪತ್ರ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬಂತು. ಹಿಂದಿನ ಶೆಡ್ಡಿನಲ್ಲಿ ಮಗ್ಗ ನಡೆದಿದ್ದವು, ಅಡುಗೆಮನೆಯಲ್ಲಿ ತಾಟುಗಳು ನಡುಗುತ್ತಿದ್ದವು. ದಾಜಿಯ ಕಣ್ಣು ನನ್ನ ಬಾಯಿ ಬಿಟ್ಟು ಅಲ್ಲಾಡಲಿಲ್ಲ. ನನಗೆ ದಣಿವಾಗಿತ್ತು, ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಆದರೂ ತುಟಿಗಳು ಆಡಿದವು. ಯಾವ ಮಾತಿಗೆ ಆಡಿದವೋ ನನಗೆ ತಿಳಿಯಲಿಲ್ಲ.

"ಹೂಂ," ಎಂದರು ದಾಜಿ. ವರ್ಷದಲ್ಲಿ ಮೊದಲ ಸಲ ಅವರ ಭುಜ ಇಳಿಯಿತು. "ಇದs. ಇದನ್ನs ಹೇಳಿದ್ಲು."

ಏನು ಹೇಳಿದೆನೆಂದು ನಾನು ಅವರನ್ನು ಕೇಳಲಿಲ್ಲ.