ಉಗುರಗಲದ ಮುಖ

ಓಣಿಯವರೆಲ್ಲ ಅವನನ್ನು ಸ್ಟಾಂಪು ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಎದುರಿನ ಕ್ಷೌರದಂಗಡಿಯವನು. "ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಗುತ್ತೆ, ಬರೆಯೋ ಚಿತ್ರ ಮಾತ್ರ ಅಂಚೆ ಸ್ಟಾಂಪಿನಷ್ಟು!" ಎಂದು ಅವನು ಒಮ್ಮೆ ನಕ್ಕದ್ದೇ ಸಾಕಾಯಿತು, ಹೆಸರು ಅಂಟಿಕೊಂಡಿತು.

ಕೆಲಸವೂ ಅಂಥದ್ದೇ. ಮೊಬೈಲಿನಲ್ಲಿ ಆಟಗಳ ಅಂಗಡಿ ಇರುತ್ತದಲ್ಲ, ಅದನ್ನು ತೆರೆದರೆ ಸಾಲುಸಾಲು ಪುಟಾಣಿ ಚಿತ್ರಗಳು, ಒಂದೊಂದರ ಹಿಂದೆ ಒಂದೊಂದು ಆಟ. ಜನ ಬೆರಳಿನಿಂದ ಸರಸರ ಸರಿಸುತ್ತ ಹೋಗುವಾಗ ಯಾವ ಚಿತ್ರದ ಮೇಲೆ ಕಣ್ಣು ನಿಲ್ಲುತ್ತದೋ ಆ ಆಟ ಬದುಕಿತು, ಉಳಿದದ್ದು ಗೋವಿಂದ. ಆ ಚಿತ್ರಗಳನ್ನು ಬರೆಯುವವನು ಸ್ಟಾಂಪು. ದೊಡ್ಡ ಕಂಪನಿಗಳಿಗಲ್ಲ, ಒಬ್ಬರೋ ಇಬ್ಬರೋ ಸೇರಿ ಮನೆಯಲ್ಲಿ ಕೂತು ಕಟ್ಟಿದ ಆಟಗಳಿಗೆ. ಒಂದೇ ಮುಖ ಇರಬೇಕು, ಎರಡಾದರೆ ಸಂತೆ ಎನ್ನುತ್ತಿದ್ದ. ಅಕ್ಷರ ಹಾಕಿ ಎಂದವರಿಗೆ, "ಇರುವೆ ಸಾಲು ಬೇಕಾ ನಿಮಗೆ?" ಎಂದು ಗದರುತ್ತಿದ್ದ. ಬರೆದದ್ದನ್ನು ಹೆಬ್ಬೆರಳಿನ ಉಗುರಗಲಕ್ಕೆ ಕುಗ್ಗಿಸಿ, ಕುರ್ಚಿ ಬಿಟ್ಟೆದ್ದು ಬಾಗಿಲ ತನಕ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ನೋಡುವುದು ಅವನ ಪದ್ಧತಿ. ಅಲ್ಲಿಂದಲೂ ಚಿತ್ರ ಬಾ ಎಂದು ಕರೆದರೆ ಸರಿ, ಇಲ್ಲದಿದ್ದರೆ ಅಳಿಸು. ದೊಡ್ಡದು ಮಾಡಿ ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ದೊಡ್ಡದಾಗಿ ನೋಡಿದರೆ ಎಲ್ಲ ಚಿತ್ರವೂ ಚೆನ್ನಾಗಿ ಕಂಡು ಮೋಸಹೋಗುತ್ತೇವೆ ಎಂಬುದು ಅವನ ವಾದ. ಬುದ್ಧಿವಂತ!

ಅವನಿದ್ದದ್ದು ಅಕ್ಕನ ಹೊಲಿಗೆ ಅಂಗಡಿಯ ಮೇಲಿನ ಕೋಣೆಗಳಲ್ಲಿ. ಇಬ್ಬರದೂ ಅಲ್ಲೇ ವಾಸ. ಅಕ್ಕ ಅವನಿಗಿಂತ ಬಹಳ ದೊಡ್ಡವಳು. ಅವನಿಗೆ ಬುದ್ಧಿ ಬಂದಾಗಿನಿಂದ ಅವಳ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಲೇ ಇತ್ತು. ಮೊದಲೆಲ್ಲ ಅವಳು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಹರಟುತ್ತಿದ್ದಳು. ಒಂದು ಬೆಳಿಗ್ಗೆ ಏಳುವಾಗ ಮುಖದ ಎಡಭಾಗ ಜೋತುಬಿದ್ದಿತ್ತು. ನರ ಸೋತಿದೆ, ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಮುಕ್ಕಾಲು ಪಾಲು ಸರಿಹೋಯಿತು. ಆದರೆ ತಿನ್ನುವಾಗ, ನಗುವಾಗ ಬಾಯಿ ಬಲಕ್ಕೆ ಎಳೆದುಕೊಂಡು ಸೊಟ್ಟಗಾಗುವುದು ಮಾತ್ರ ಹೋಗಲಿಲ್ಲ. ಸೂಜಿಗಳು ತುಟಿಯಿಂದ ಮಣಿಕಟ್ಟಿನ ಪುಟ್ಟ ದಿಂಬಿಗೆ ಬಂದವು, ಕೈಗೊಂದು ಕರ್ಚೀಫು ಬಂತು. ಯಾರಾದರೂ ನಗೆಚಾಟಿಕೆ ಶುರುಮಾಡಿದರೆ ಸಾಕು, ಕರ್ಚೀಫು ಬಾಯಿಗೆ ಹೋಗುತ್ತಿತ್ತು. ಹೊರಗೆ ಎಲ್ಲೂ ಊಟ ಮಾಡುತ್ತಿರಲಿಲ್ಲ. ಫೋಟೊ ಎಂದರೆ ಎದ್ದು ಹೋಗಿಬಿಡುತ್ತಿದ್ದಳು.

ತಮ್ಮನ ಮುಂದೆ ಮಾತ್ರ ಕರ್ಚೀಫು ಇರುತ್ತಿರಲಿಲ್ಲ. ಮೊದಮೊದಲು ಕುಡಿದ ನೀರೆಲ್ಲ ಬಾಯಿಯ ಎಡಗಡೆಯಿಂದ ಸುರಿದುಹೋಗುತ್ತಿದ್ದಾಗ ಚಮಚದಲ್ಲಿ ಕುಡಿಸಿದವನು ಅವನು. ಅವಳು ಅಳುತ್ತ ಕೂತಾಗ ತನ್ನ ಬಾಯನ್ನೂ ಸೊಟ್ಟ ಮಾಡಿ ತೋರಿಸಿದ್ದ. "ಥೂ, ಕೋತಿ! ನನ್ನಷ್ಟು ಚೆನ್ನಾಗಿ ಬರಲ್ಲ ಬಿಡೋ ನಿಂಗೆ" ಎಂದು ಅವಳು ಅತ್ತುಕೊಂಡೇ ನಕ್ಕಿದ್ದಳು. ಅಂದಿನಿಂದ ಮೆಟ್ಟಿಲು ಹತ್ತಿ ಮೇಲೆ ಬಂದವಳೇ ಕರ್ಚೀಫನ್ನು ಬಾಗಿಲ ಮೊಳೆಗೆ ಸಿಕ್ಕಿಸಿ, ಆಮೇಲೆ ಚಪ್ಪಲಿ ಬಿಡುವುದು ರೂಢಿಯಾಯಿತು.

ಹೀಗಿರುವಾಗ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಹುಡುಗಿಯೊಬ್ಬಳು ಒಂದು ಆಟ ಕಟ್ಟಿದಳು. ಅಕ್ಕನ ಹತ್ತಿರ ಬಟ್ಟೆ ಹೊಲಿಸಲು ಬಂದು, ಕಿಟಕಿಯಲ್ಲಿದ್ದ ಗುಂಡಿಗಳ ಗಾಜಿನ ಸೀಸೆಗಳನ್ನು ನೋಡಿ ಹೊಳೆದ ಆಟ. ಮೇಲಿನಿಂದ ಬಣ್ಣಬಣ್ಣದ ಗುಂಡಿ ಉದುರುತ್ತವೆ, ಒಬ್ಬಳು ಅಜ್ಜಿ ಅವನ್ನು ಸರಿಯಾದ ಸೀಸೆಗೆ ಹಿಡಿಯಬೇಕು. "ಗುಂಡಿ ಅಜ್ಜಿ" ಎಂದು ಹೆಸರು. ಚಿತ್ರದ ಕೆಲಸ ಸ್ಟಾಂಪುವಿಗೆ ಬಂತು. ಅಕ್ಕನಿಗೋ ಹಿಗ್ಗೇ ಹಿಗ್ಗು. "ನನ್ನ ಸೀಸೆಗಳು ಫೋನಲ್ಲಿ ಬರುತ್ತಂತೆ!" ಎಂದು ಬಂದ ಗಿರಾಕಿಗೆಲ್ಲ ಹೇಳಿಕೊಂಡಳು.

ಆದರೆ ಅಜ್ಜಿಯ ಮುಖ ಬರಲೊಲ್ಲದು. ಗುಂಡಗೆ ಬರೆದ, ಉದ್ದಕ್ಕೆ ಬರೆದ, ಕನ್ನಡಕ ಹಾಕಿದ, ತೆಗೆದ. ಬಾಗಿಲ ಬಳಿ ನಿಂತು ನೋಡಿದರೆ ಎಲ್ಲವೂ ಸಪ್ಪೆ. ತಲೆಕೆಟ್ಟು ಕೂತಿದ್ದ ಮಧ್ಯಾಹ್ನ ಅಕ್ಕ ಊಟಕ್ಕೆ ಮೇಲೆ ಬಂದಳು. ಕ್ಷೌರದಂಗಡಿಯವನು ಗಿರಾಕಿಯ ಒಂದು ಕಡೆಯ ಮೀಸೆ ತೆಗೆಯುವಷ್ಟರಲ್ಲಿ ಕರೆಂಟು ಹೋಗಿ, ಆ ಮನುಷ್ಯ ಅರ್ಧ ಮೀಸೆಯಲ್ಲೇ ಬಸ್ಸಿಗೆ ಓಡಿದ ಕಥೆ ಹೇಳುತ್ತ, ಬಾಯಲ್ಲಿ ತುತ್ತಿಟ್ಟುಕೊಂಡೇ ಬಿದ್ದುಬಿದ್ದು ನಕ್ಕಳು. ಬಾಯಿ ಬಲಕ್ಕೆ ಹರಿದು, ಎಡಗಣ್ಣು ಅರ್ಧ ಮುಚ್ಚಿ, ಒಂದು ಹುಬ್ಬು ಮೇಲೇರಿತು. ಎರಡೂ ಕಡೆ ಸಮವಾಗಿರುವ ಮುಖದ ಮೇಲೆ ಕಣ್ಣು ಜಾರಿಹೋಗುತ್ತದೆ, ಸೊಟ್ಟಗಿದ್ದರೆ ನಿಲ್ಲುತ್ತದೆ. ಆ ಪಾಪಿಗೆ ಆ ಕ್ಷಣ ಹೊಳೆದದ್ದು ಅದು.

ಅವಳು ಕೆಳಗಿಳಿದದ್ದೇ ತಡ, ಬರೆಯಲು ಕೂತ. ಕೈ ತಾನಾಗಿ ಓಡಿತು. ಬಾಗಿಲಿಗೆ ಹೋಗಿ ನೋಡಿದ. ಅಬ್ಬಾ, ಉಗುರಗಲದ ಆ ಮುಖ ಕೋಣೆಯ ಇನ್ನೊಂದು ತುದಿಯಿಂದ ಕೈಬೀಸಿ ಕರೆಯುತ್ತಿತ್ತು. ಯಾರ ಬಾಯಿ ಅದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೇಳಬೇಕು ಎಂದೂ ಅನ್ನಿಸಿತು. ಕೇಳಿದರೆ ಬೇಡ ಎನ್ನುತ್ತಾಳೆ ಎಂದೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಉಗುರಗಲದಲ್ಲಿ ಯಾರಿಗೆ ಗುರುತು ಸಿಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಟ ಓಡಿತು. ಅಷ್ಟು ಓಡೀತೆಂದು ಯಾರೂ ಎಣಿಸಿರಲಿಲ್ಲ. ಹುಡುಗಿ ಫೋನು ಮಾಡಿ, "ಅಣ್ಣಾ, ಆಟದಂಗಡಿಯವರು ನಮ್ಮ ಆಟಾನ ಮೊದಲನೇ ಪುಟದಲ್ಲಿ ಹಾಕ್ತಾರಂತೆ! ಚಿತ್ರ ದೊಡ್ಡದು ಬೇಕಂತೆ, ಇವತ್ತೇ ಕಳಿಸ್ಬೇಕು" ಎಂದು ಕಿರುಚಿದಳು. ಅವನು ಅದೇ ಚಿತ್ರದ ದೊಡ್ಡ ಪ್ರತಿಯನ್ನು ತೆರೆದು ಕೂಡ ನೋಡದೆ ಕಳಿಸಿಬಿಟ್ಟ. ದೊಡ್ಡದನ್ನು ಯಾವತ್ತು ತಾನೇ ನೋಡಿದ್ದ?

ಮಾರನೆಯ ದಿನ ಪೇಟೆಗೆ ಹೊರಟು ಮೆಟ್ಟಿಲಿಳಿಯುತ್ತಿದ್ದಾಗ ಕೆಳಗೆ ಗಿರಾಕಿಯೊಬ್ಬಳ ದನಿ ಕೇಳಿತು.

"ಅಯ್ಯೋ, ಟೈಲರಮ್ಮ! ಇದು ನೀವೇ ಅಲ್ವಾ?"

ಲಂಗದ ಅಂಚಿಗೆ ಸೂಜಿ ಚುಚ್ಚುತ್ತ ಮಂಡಿಯೂರಿ ಕೂತಿದ್ದ ಅಕ್ಕ ತಲೆಯೆತ್ತಿದಳು. ಗಿರಾಕಿ ಪಾಪ, ಸಂತೋಷದಿಂದ ಫೋನನ್ನು ಅವಳ ಕಣ್ಣೆದುರು ಹಿಡಿದಳು. ಪರದೆಯ ಅಗಲಕ್ಕೂ ಅದೇ ಮುಖ. ಮೆಟ್ಟಿಲ ಮೇಲಿನಿಂದ ಸ್ಟಾಂಪುವಿಗೂ ಕಂಡಿತು. ಉಗುರಗಲದಲ್ಲಿ ತಮಾಷೆಯಾಗಿದ್ದದ್ದು ದೊಡ್ಡದಾದಾಗ ತಮಾಷೆಯಾಗಿರಲಿಲ್ಲ. ಜೋತುಬಿದ್ದ ಕೆನ್ನೆ, ಪೂರ್ತಿ ಮುಚ್ಚದ ತುಟಿಯ ಮೂಲೆ, ಅಲ್ಲಿ ಮಿನುಗುವ ಒಂದು ಹನಿ. ಆ ಹನಿಯನ್ನೂ ಬರೆದಿದ್ದನೇ ತಾನು!

ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅವಳ ಕೈ ಮೆಲ್ಲಗೆ ಕರ್ಚೀಫನ್ನು ಬಾಯಿಗೆ ತಂದಿತು.

"ಹೌದು, ನಮ್ಮ ಹುಡುಗ ಬರೆದದ್ದು. ಚೆನ್ನಾಗಿ ಬಂದಿದೆ" ಎಂದಳು. "ಅಲುಗಾಡಬೇಡಿ, ಸೂಜಿ ಚುಚ್ಚೀತು."

ಸ್ಟಾಂಪು ಪೇಟೆಗೆ ಹೋಗಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡ. ತನ್ನ ಕೈಗಳನ್ನು ನೋಡಿಕೊಳ್ಳುವುದಕ್ಕೂ ನಾಚಿಕೆಯಾಯಿತು. ಅವಳು ಬೈದಿದ್ದರೆ, ಕೆಳಗಿನಿಂದಲೇ ಕತ್ತರಿ ಎಸೆದಿದ್ದರೆ ಎಷ್ಟೋ ವಾಸಿಯಿತ್ತು. ಚೆನ್ನಾಗಿ ಬಂದಿದೆ ಅಂದಳಲ್ಲ!

ಊಟದ ಹೊತ್ತಿಗೆ ಅಕ್ಕ ಮೇಲೆ ಬಂದಳು. ಚಪ್ಪಲಿ ಬಿಟ್ಟಳು. ಮೊಳೆ ಖಾಲಿಯೇ ಉಳಿಯಿತು. ತಟ್ಟೆ ಹಾಕಿಕೊಂಡು ಗೋಡೆಯ ಕಡೆ ಸ್ವಲ್ಪ ತಿರುಗಿ ಕೂತು, ಒಂದು ಕೈಯಲ್ಲಿ ಕರ್ಚೀಫು ಹಿಡಿದು ಅದರ ಹಿಂದೆ ತುತ್ತು ಇಟ್ಟುಕೊಳ್ಳತೊಡಗಿದಳು.

"ಅಕ್ಕಾ, ತಪ್ಪಾಯ್ತು" ಎಂದ. "ಚಿಕ್ಕದಾಗಿರುತ್ತೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ನಂಗೆ ಗೊತ್ತಾಗುತ್ತೆ ಅಂದ್ಕೊಳ್ಳಲಿಲ್ವಾ?"

ಅವನು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಹೊರಗಿನವರ ಮುಂದೆ ಮುಚ್ಕೊಳ್ಳೋದು ನಂಗೇನೂ ಕಷ್ಟ ಇಲ್ಲ ಕಣೋ" ಎಂದಳು ಅಕ್ಕ, ಕರ್ಚೀಫಿನ ಹಿಂದಿನಿಂದಲೇ. "ಮನೇಲೂ ಮುಚ್ಕೊಂಡು ಊಟ ಮಾಡೋದು ಸ್ವಲ್ಪ ಕಷ್ಟ. ಅಭ್ಯಾಸ ಆಗುತ್ತೆ ಬಿಡು. ನೀನು ಉಣ್ಣು, ಆರಿಹೋಗುತ್ತೆ."

ಅಂದೇ ಅವನು ಹಲ್ಲಿನ ಆಸ್ಪತ್ರೆಗೆ ಹೋದ. "ಈಗ ತಾನೇ ಜನ ಬರ್ತಿದಾರೆ ಅಣ್ಣಾ, ಈಗ ತೆಗೆದ್ರೆ ಆಟ ಮುಳುಗಿಹೋಗುತ್ತೆ" ಎಂದು ಹುಡುಗಿ ಅಳುಮುಖ ಮಾಡಿದಳು. ಅವನು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. "ಟೈಲರಮ್ಮನಿಗೆ ಹೀಗೆ ಮಾಡಿದ್ರಾ?" ಎಂದಳು. ಆಮೇಲೆ ಚಿತ್ರ ತೆಗೆದುಹಾಕಿದಳು. ಅದರ ಬದಲಿ ಚಿತ್ರವೊಂದನ್ನು ಬಿಟ್ಟರೆ ಅವನ ಹತ್ತಿರ ಮತ್ತೆ ಯಾವ ಕೆಲಸವನ್ನೂ ತರಲಿಲ್ಲ.

ಹೊಸ ಚಿತ್ರವನ್ನು ಅವನು ಪರದೆಯ ತುಂಬ ದೊಡ್ಡದಾಗಿಟ್ಟುಕೊಂಡು ಬರೆದ. ಉರುಳಿದ ಸೀಸೆ, ಚೆಲ್ಲಿದ ಗುಂಡಿಗಳು, ಮುಖವಿಲ್ಲ. ಹುಡುಗಿಗೆ ಕಳಿಸುವ ಮೊದಲು ಅಕ್ಕನಿಗೆ ತೋರಿಸಿದ. ಈ ಸಲವಾದರೂ ಕೇಳಿದನಲ್ಲ, ದೊಡ್ಡ ಸಾಧನೆ! ಅಕ್ಕ ಫೋನನ್ನು ತೋಳಿನುದ್ದಕ್ಕೆ ದೂರ ಹಿಡಿದು, ಅವನ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದಳು.

"ಲೋ, ಇದನ್ನ ಯಾರೋ ಮುಟ್ತಾರೆ? ನೊಣ ಕೂತಂಗಿದೆ."

"ಪರವಾಗಿಲ್ಲ ಬಿಡಕ್ಕ."

"ಕ್ಷೌರದವನ ಅರ್ಧ ಮೀಸೆ ಗಿರಾಕೀನ ಬರಿ, ಓಡುತ್ತೆ!"

ಹಾಗೆಂದವಳೇ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಅವಳು ನಗುತ್ತಿದ್ದಾಳೆಂದು ಭುಜ ಕುಲುಕಿದ್ದರಿಂದಷ್ಟೇ ಅವನಿಗೆ ಗೊತ್ತಾಯಿತು.